ಮ್ಯಾನ್ ಪುಟ ಹುಡುಕಿದರೆ ಒಂದೇ ಉತ್ತರ ಎರಡೆರಡು ಸಲ: ಲಿಂಕ್ ಅಳಿಸಿಬಿಡಲೇ?

ಪ್ರಶ್ನೆ: ನಾನು ಎಂಜಿನಿಯರಿಂಗ್ ಕಾಲೇಜೊಂದರ ಲ್ಯಾಬ್‌ನಲ್ಲಿ 30 ಉಬುಂಟು ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತೇನೆ. ಪಾಠಕ್ಕೆ ಬೇಕಾದ ಕೆಲವು ಸಾಫ್ಟ್‌ವೇರ್‌ಗಳನ್ನು, ಪ್ರೋಗ್ರಾಂನ ದೋಷ ಹುಡುಕುವ ಜಿಡಿಬಿಯ ಹೊಸ ಆವೃತ್ತಿಯನ್ನೂ ಸೇರಿಸಿ, ಸೋರ್ಸ್‌ನಿಂದ ಕಂಪೈಲ್ ಮಾಡಿ /ಯುಎಸ್‌ಆರ್/ಲೋಕಲ್ ಒಳಗೆ ಹಾಕಿದ್ದೇವೆ. ಮ್ಯಾನ್ ಪುಟಗಳ (ಕಮಾಂಡ್‌ಗಳ ಕೈಪಿಡಿ ಪುಟಗಳ) ಒಳಗೆ ಪದ ಹುಡುಕಲೆಂದು ವಿದ್ಯಾರ್ಥಿಗಳಿಗೆ ಚಿಕ್ಕ ಸ್ಕ್ರಿಪ್ಟ್ ಬರೆದುಕೊಟ್ಟೆ. ಮ್ಯಾನ್‌ಪಾತ್ ಕಮಾಂಡ್ ಕೊಡುವ ಡೈರೆಕ್ಟರಿಗಳಲ್ಲಿ ಅದು ಫೈಂಡ್ ಓಡಿಸಿ (ಲಿಂಕ್ ಹಿಂಬಾಲಿಸಲಿ ಎಂದು ದೊಡ್ಡಕ್ಷರದ ಎಲ್ ಆಯ್ಕೆ ಕೊಟ್ಟಿದ್ದೇನೆ), ಸಿಕ್ಕ ಫೈಲುಗಳನ್ನು, ಕುಗ್ಗಿಸಿಟ್ಟ ಫೈಲುಗಳ ಒಳಗೆ ಪದ ಹುಡುಕುವ ಝಡ್‌ಗ್ರೆಪ್‌ಗೆ ಒಪ್ಪಿಸುತ್ತದೆ. ನಾವು ಹಾಕಿದ ಪ್ರತಿ ಸಾಫ್ಟ್‌ವೇರ್‌ನ ಪುಟವೂ ಎರಡು ಸಲ ಬರುತ್ತಿದೆ. ಜಿಡಿಬಿ ಮೂರು ಸಲ. ನಾವು ಮುಟ್ಟದೇ ಇರುವ ಆಕ್ (ಪಠ್ಯ ಸಂಸ್ಕರಿಸುವ ಕಮಾಂಡ್) ಕೂಡ ಮೂರು ಸಲ. ಇಂಡೆಕ್ಸ್ ಕೆಟ್ಟಿರಬಹುದೆಂದು ಮ್ಯಾನ್‌ಡಿಬಿ ಕಮಾಂಡ್‌ನಿಂದ ಅದನ್ನು ಮೊದಲಿನಿಂದ ಕಟ್ಟಿಸಿದೆ, ಏನೂ ಬದಲಾಗಲಿಲ್ಲ. /ಯುಎಸ್‌ಆರ್/ಲೋಕಲ್/ಮ್ಯಾನ್ ಒಂದು ಸಿಂಬಾಲಿಕ್ ಲಿಂಕ್, ಅದನ್ನು ಅಳಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ ಸಹೋದ್ಯೋಗಿ. ಅಳಿಸಲೇ? ಡಿಸ್ಕ್‌ನಲ್ಲೂ ಎಲ್ಲ ಎರಡೆರಡು ಪ್ರತಿ ಕೂತಿದೆಯೇ?

ಉತ್ತರ:

ದಯವಿಟ್ಟು ಅಳಿಸಬೇಡಿ ಮೇಡಂ. ಈ ಪತ್ರ ಓದುವ ಹೊತ್ತಿಗೆ ಒಂದು ಕಂಪ್ಯೂಟರ್‌ನಲ್ಲಿ ಅಳಿಸಿ ನೋಡಿದ್ದರೆ, ಬೇರೆ ಕೆಲಸಕ್ಕೆ ಮೊದಲು ಅದನ್ನು ವಾಪಸ್ ಹಾಕಿ. ನಿಮ್ಮ ಲಿಂಕ್, ಇಂಡೆಕ್ಸ್, ಡಿಸ್ಕ್ ಎಲ್ಲವೂ ಸರಿಯಾಗಿಯೇ ಇವೆ. ಸ್ಕ್ರಿಪ್ಟ್ ಮಾತ್ರ ಪುಟಗಳನ್ನು ಎಣಿಸುವ ಬದಲು ಹೆಸರುಗಳನ್ನು ಎಣಿಸುತ್ತಿದೆ.

ಒಂದು ಮನೆಗೆ ಮುಂಬಾಗಿಲು, ಹಿತ್ತಿಲ ಬಾಗಿಲು ಎರಡೂ ಇರುತ್ತವೆ. ಗಣತಿಗೆ ಬಂದವರು ಎರಡೂ ಬಾಗಿಲು ತಟ್ಟಿ, ಎರಡು ಮನೆ ಎಂದು ಬರೆದುಕೊಂಡು ಹೋದರೆ ತಪ್ಪು ಮನೆಯದಲ್ಲ. ಸಿಂಬಾಲಿಕ್ ಲಿಂಕ್ ಎಂದರೆ ಅಂಥ ಇನ್ನೊಂದು ಬಾಗಿಲು.

ಡಿಸ್ಕ್‌ನ ಆತಂಕವನ್ನು ಮೊದಲು ಮುಗಿಸೋಣ. /ಯುಎಸ್‌ಆರ್/ಲೋಕಲ್/ಮ್ಯಾನ್ ಮೇಲೆ ಎಲ್‌ಎಸ್ ಕಮಾಂಡ್‌ನ ಉದ್ದ ಪಟ್ಟಿ ತೆಗೆದು ನೋಡಿ. ಗಾತ್ರದ ಜಾಗದಲ್ಲಿ 9 ಎಂದಿರುತ್ತದೆ. ಆ ಲಿಂಕ್‌ನ ಒಳಗಿರುವುದು 'ಶೇರ್/ಮ್ಯಾನ್' ಎಂಬ ವಿಳಾಸ ಮಾತ್ರ, ಇಂಗ್ಲಿಷಿನಲ್ಲಿ ಓರೆಗೆರೆಯೂ ಸೇರಿ 9 ಅಕ್ಷರ. ಉಬುಂಟು ಸಾಮಾನ್ಯವಾಗಿ ಬಳಸುವ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ 60 ಬೈಟ್‌ಗಿಂತ ಚಿಕ್ಕದಾದ ಇಂಥ ವಿಳಾಸ ಐನೋಡ್‌ನ (ಫೈಲಿನ ವಿವರ ಇಡುವ ದಾಖಲೆಯ) ಒಳಗೇ ಕೂತುಬಿಡುತ್ತದೆ, ಅದಕ್ಕೆಂದು ಡಿಸ್ಕ್‌ನಲ್ಲಿ ಪ್ರತ್ಯೇಕ ಬ್ಲಾಕ್ ಕೂಡ ಖರ್ಚಾಗುವುದಿಲ್ಲ. ಎರಡನೆಯ ಪ್ರತಿ ಎಂಬುದು ಇಲ್ಲವೇ ಇಲ್ಲ.

ಇನ್ನು ಮ್ಯಾನ್‌ಡಿಬಿ. ಅದು /ವಾರ್/ಕ್ಯಾಶ್/ಮ್ಯಾನ್ ಒಳಗೆ ಒಂದು ಇಂಡೆಕ್ಸ್ ಕಟ್ಟಿಡುತ್ತದೆ. ಪುಟಗಳ ಹೆಸರು, ಒಂದು ಸಾಲಿನ ವಿವರಣೆ ಹುಡುಕಿಕೊಡುವ ಅಪ್ರೊಪೊ ಮತ್ತು ವಾಟಿಸ್ ಕಮಾಂಡ್‌ಗಳು ಆ ಇಂಡೆಕ್ಸ್ ಓದುತ್ತವೆ. ನಿಮ್ಮ ಸ್ಕ್ರಿಪ್ಟ್ ಅದನ್ನು ಓದುವುದೇ ಇಲ್ಲ, ನೇರವಾಗಿ ಡೈರೆಕ್ಟರಿಗಳಿಗೆ ಹೋಗುತ್ತದೆ. ಹಾಗಾಗಿ ಎಷ್ಟು ಸಲ ಕಟ್ಟಿಸಿದರೂ ನಿಮ್ಮ ಉತ್ತರ ಬದಲಾಗದು. 'ಮ್ಯಾನ್ ಸರಿಯಿಲ್ಲವೆಂದರೆ ಇಂಡೆಕ್ಸ್ ಮತ್ತೆ ಕಟ್ಟಿಸಿ' ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಹೊಸ ಪುಟ ಅಪ್ರೊಪೊದಲ್ಲಿ ಕಾಣದಿದ್ದಾಗ ಅದು ಸರಿಯಾದ ಮದ್ದು, ಇಲ್ಲಿ ಅಲ್ಲ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಮೂರು ಎಣಿಕೆ: ನಿಮ್ಮ ಸಾಫ್ಟ್‌ವೇರ್‌ಗಳು ಎರಡು, ಜಿಡಿಬಿ ಮೂರು, ಆಕ್ ಮೂರು. ನೋಡಲು ಒಂದೇ ರೋಗ, ಕಾರಣ ಮಾತ್ರ ಮೂರಕ್ಕೂ ಬೇರೆ. ಇದನ್ನು ಬಿಡಿಸಿಕೊಳ್ಳದೆ ಸ್ಕ್ರಿಪ್ಟ್‌ಗೆ ಕೈಹಾಕಿದರೆ ಬೇಡದ್ದರ ಜೊತೆ ಬೇಕಾದದ್ದೂ ಹೋಗುತ್ತದೆ.

ಮೊದಲನೆಯದು, ಡೈರೆಕ್ಟರಿಯೇ ಲಿಂಕ್ ಆಗಿರುವುದು. ನಿಮ್ಮ ಉಬುಂಟುವಿನಲ್ಲಿ ಮ್ಯಾನ್‌ಪಾತ್ ಕಮಾಂಡ್ ಓಡಿಸಿದರೆ /ಯುಎಸ್‌ಆರ್/ಲೋಕಲ್/ಮ್ಯಾನ್, /ಯುಎಸ್‌ಆರ್/ಲೋಕಲ್/ಶೇರ್/ಮ್ಯಾನ್, /ಯುಎಸ್‌ಆರ್/ಶೇರ್/ಮ್ಯಾನ್ ಎಂದು ಮೂರು ಹೆಸರು ಬರುತ್ತವೆ. ಮೊದಲಿನ ಎರಡೂ ಒಂದೇ ಜಾಗ. ಇದು ಯಾರದೋ ಅಜಾಗರೂಕತೆಯಿಂದ ಆದದ್ದಲ್ಲ. ಲಿನಕ್ಸ್‌ನಲ್ಲಿ ಯಾವ ಫೈಲ್ ಎಲ್ಲಿರಬೇಕೆಂದು ಹೇಳುವ ಎಫ್‌ಎಚ್‌ಎಸ್ ಎಂಬ ಮಾನದಂಡದ 2004ರ ಆವೃತ್ತಿಯೇ ಈ ಎರಡೂ ಡೈರೆಕ್ಟರಿಗಳು ಒಂದೇ ಆಗಿರಬೇಕು ಎನ್ನುತ್ತದೆ. ಸಾಮಾನ್ಯವಾಗಿ ಒಂದು ಇನ್ನೊಂದಕ್ಕೆ ಲಿಂಕ್ ಆಗಿರುತ್ತದೆ ಎಂದೂ ಅಲ್ಲೇ ಬರೆದಿದೆ.

ಹೀಗೇಕೆ ಎಂದರೆ, ಸೋರ್ಸ್‌ನಿಂದ ಕಂಪೈಲ್ ಮಾಡುವವರಿಗಾಗಿ, ಅಂದರೆ ನಿಮ್ಮಂಥವರಿಗಾಗಿಯೇ. ಕಾನ್ಫಿಗರ್ ಸ್ಕ್ರಿಪ್ಟ್ ತಯಾರಿಸುವ ಆಟೋಕಾನ್ಫ್ 2006ರಲ್ಲಿ 2.60ನೇ ಆವೃತ್ತಿಗೆ ಬರುವವರೆಗೂ, ಬೇರೆ ಏನೂ ಹೇಳದಿದ್ದರೆ ಮ್ಯಾನ್ ಪುಟಗಳನ್ನು ಇಡುತ್ತಿದ್ದದ್ದು ಲೋಕಲ್‌ನ ಕೆಳಗಿನ ಮ್ಯಾನ್ ಡೈರೆಕ್ಟರಿಯಲ್ಲಿ. ಆಮೇಲಿನವು ಶೇರ್‌ನ ಕೆಳಗಿನ ಮ್ಯಾನ್‌ನಲ್ಲಿ ಇಡುತ್ತವೆ. ಹಳೆಯ ಕಾನ್ಫಿಗರ್ ಸ್ಕ್ರಿಪ್ಟ್‌ಗಳು, ಕೈಯಲ್ಲಿ ಬರೆದ ಮೇಕ್‌ಫೈಲ್‌ಗಳು ಇವತ್ತಿಗೂ ಹಳೆಯ ಜಾಗಕ್ಕೇ ಬರೆಯುತ್ತವೆ. ಲಿಂಕ್ ಇದ್ದರೆ ಎರಡೂ ಒಂದೇ ಕಡೆ ಸೇರುತ್ತವೆ. ಲಿಂಕ್ ಅಳಿಸಿದಿರಿ ಎಂದುಕೊಳ್ಳಿ: ನಾಳೆ ಯಾವುದೋ ಹಳೆಯ ಸಾಫ್ಟ್‌ವೇರ್‌ನ ಮೇಕ್ ಇನ್‌ಸ್ಟಾಲ್ ಓಡಿದಾಗ ಅದೇ ಹೆಸರಿನ ನಿಜವಾದ ಡೈರೆಕ್ಟರಿ ಹುಟ್ಟಿಕೊಳ್ಳುತ್ತದೆ. ಅಲ್ಲಿಗೆ ನಿಜವಾಗಿಯೂ ಎರಡು ಮರ, ಒಂದರಲ್ಲಿ ಹೊಸ ಪುಟ, ಇನ್ನೊಂದರಲ್ಲಿ ಹಳೆಯದು. ಈಗಿರುವುದು ತೋರಿಕೆಯ ಇಮ್ಮಡಿ. ಆಗ ಆಗುವುದು ನಿಜವಾದ ಇಮ್ಮಡಿ, ಅದೂ 30 ಕಂಪ್ಯೂಟರ್‌ಗಳಲ್ಲಿ ಒಂದೊಂದರಲ್ಲಿ ಒಂದೊಂದು ಥರ.

'ಹಾಗಾದರೆ ಮ್ಯಾನ್ ಕಮಾಂಡ್‌ಗೆ ಈ ತೊಂದರೆ ಯಾಕಿಲ್ಲ?' ಎಂದು ನೀವು ಕೇಳಬಹುದು. ಅದಕ್ಕೂ ಇತ್ತು, ಬರೆದವರು ನಿಭಾಯಿಸಿದ್ದಾರೆ. ಉಬುಂಟುವಿನ ಮ್ಯಾನ್-ಡಿಬಿ (ಮ್ಯಾನ್, ಅಪ್ರೊಪೊ, ಮ್ಯಾನ್‌ಪಾತ್ ಕಮಾಂಡ್‌ಗಳಿರುವ ಪ್ಯಾಕೇಜ್), ಹುಡುಕುವ ಡೈರೆಕ್ಟರಿಗಳ ಪಟ್ಟಿ ಕಟ್ಟುವಾಗ ಲಿಂಕ್‌ಗಳನ್ನು ಬಿಡಿಸಿ ನೋಡಿ ಮರುಕಳಿಸಿದ್ದನ್ನು ಕೈಬಿಡಲು ಯತ್ನಿಸುತ್ತದೆ. ಅಪ್ರೊಪೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಹೆಸರು ಮತ್ತು ವಿಭಾಗದ (ಮ್ಯಾನ್ ಪುಟಗಳನ್ನು ಸಂಖ್ಯೆ ಕೊಟ್ಟು ವಿಂಗಡಿಸಿದ ಗುಂಪಿನ) ಜೋಡಿಯನ್ನು ಒಮ್ಮೆ ಮುದ್ರಿಸಿದರೆ ಮತ್ತೆ ಮುದ್ರಿಸುವುದಿಲ್ಲ. ಆದರೆ ಮ್ಯಾನ್‌ಪಾತ್ ನಿಮಗೆ ತೋರಿಸುವುದು ಈ ಶುದ್ಧೀಕರಣಕ್ಕೆ ಮುಂಚಿನ ಹಸಿ ಪಟ್ಟಿ. ಅದನ್ನು ಹಾಗೆಯೇ ಎತ್ತಿಕೊಂಡವರು ಸೋಸುವ ಕೆಲಸವನ್ನೂ ತಾವೇ ಮಾಡಬೇಕಾಗುತ್ತದೆ.

ಎರಡನೆಯದು ಆಕ್. ಇಲ್ಲಿ ಡೈರೆಕ್ಟರಿ ಸರಿಯಿದೆ, ಪುಟವೇ ಲಿಂಕ್. ಉಬುಂಟುವಿನಲ್ಲಿ ಆಕ್ ಎಂದರೆ ಸಾಮಾನ್ಯವಾಗಿ ಅದರ ಒಂದು ರೂಪವಾದ ಮಾಕ್. ಆಕ್‌ನ ಪುಟ /ಇಟಿಸಿ/ಆಲ್ಟರ್ನೇಟಿವ್ಸ್ ಒಳಗಿನ ಒಂದು ಲಿಂಕ್‌ಗೆ ಬೆರಳು ತೋರಿಸುತ್ತದೆ, ಅದು ತಿರುಗಿ ಮಾಕ್‌ನ ನಿಜವಾದ ಪುಟಕ್ಕೆ ಬೆರಳು ತೋರಿಸುತ್ತದೆ. ನಾಕ್ ಎಂಬ ಹೆಸರಿಗೂ ಇದೇ ಸರಪಳಿ. ಒಂದು ಪುಟ, ಮೂರು ಹೆಸರು, ನಿಮ್ಮ ಪಟ್ಟಿಯಲ್ಲಿ ಮೂರು ಸಾಲು. ಇದನ್ನು ಕಣ್ಣಾರೆ ನೋಡಬೇಕೆಂದರೆ ನೇಮ್‌ಐ ಎಂಬ ಕಮಾಂಡ್‌ಗೆ ಆಕ್ ಪುಟದ ಪೂರ್ತಿ ವಿಳಾಸ ಕೊಡಿ. ದಾರಿಯ ಒಂದೊಂದು ಮೆಟ್ಟಿಲನ್ನೂ, ಲಿಂಕ್ ಎಲ್ಲಿ ತಿರುಗಿತು ಎಂಬುದನ್ನೂ ಅದು ಸಾಲುಸಾಲಾಗಿ ಬಿಚ್ಚಿಡುತ್ತದೆ. ಲಿಂಕ್‌ನ ಪಾಠ ಮಾಡುವ ದಿನ ವಿದ್ಯಾರ್ಥಿಗಳ ಕೈಯಲ್ಲಿ ಇದನ್ನು ಓಡಿಸಿ. ಬೋರ್ಡ್ ಮೇಲೆ ಬಾಣ ಬರೆದು ವಿವರಿಸುವುದಕ್ಕಿಂತ ಬೇಗ ತಲೆಗೆ ಹತ್ತುತ್ತದೆ.

ಇದೂ ತಪ್ಪಿನಿಂದ ಆದದ್ದಲ್ಲ. ಒಂದು ಪುಟ ಹಲವು ಹೆಸರಲ್ಲಿ ಸಿಗಬೇಕಿದ್ದರೆ ಸಿಂಬಾಲಿಕ್ ಲಿಂಕ್ ಬಳಸುವುದೇ ಮೇಲು, ಮ್ಯಾನ್ ಡೈರೆಕ್ಟರಿಗಳಲ್ಲಿ ಹಾರ್ಡ್ ಲಿಂಕ್ (ಅದೇ ಫೈಲಿಗೆ ನೇರವಾಗಿ ಕೊಡುವ ಇನ್ನೊಂದು ಹೆಸರು) ಮಾಡಬೇಡಿ ಎಂದು ಡೆಬಿಯನ್‌ನ ನೀತಿ ಹೇಳುತ್ತದೆ. ಉಬುಂಟು ಬಂದದ್ದೂ ಅದೇ ಮನೆಯಿಂದ. ಇನ್ನೊಂದು ಹಳೆಯ ಪದ್ಧತಿಯೂ ಇದೆ: ಹೆಸರಿಗೆ ಒಂದು ಪುಟ್ಟ ಫೈಲ್, ಅದರಲ್ಲಿ 'ನಿಜವಾದ ಪುಟ ಅಲ್ಲಿದೆ' ಎಂದು ಸೂಚಿಸುವ ಒಂದೇ ಸಾಲು. ಲಿನಕ್ಸ್ ಮ್ಯಾನ್ ಪುಟಗಳ ಮೂಲ ಸಂಗ್ರಹದಲ್ಲಿ ಮೂರನೇ ವಿಭಾಗದ ಎಫ್‌ಪ್ರಿಂಟ್‌ಎಫ್ ಹೀಗೆಯೇ ಪ್ರಿಂಟ್‌ಎಫ್ ಪುಟಕ್ಕೆ ಕಳಿಸುತ್ತದೆ. ಅಂಥ ಫೈಲಿನಲ್ಲಿ ಪುಟದ ಪಠ್ಯವೇ ಇಲ್ಲದ್ದರಿಂದ ಝಡ್‌ಗ್ರೆಪ್‌ಗೆ ಅದು ಸಿಗುವುದಿಲ್ಲ. ಅಪ್ರೊಪೊದಲ್ಲಿ ಹುಡುಕಿದರೆ ಮಾತ್ರ ಇಡೀ ಪ್ರಿಂಟ್‌ಎಫ್ ಕುಟುಂಬ ಒಂದೇ ವಿವರಣೆಯ ಜೊತೆ ಸಾಲಾಗಿ ನಿಲ್ಲುತ್ತದೆ. ಅದು ಬೇಕೆಂದೇ ಮಾಡಿದ್ದು. ಎಫ್‌ಪ್ರಿಂಟ್‌ಎಫ್ ಎಂಬ ಹೆಸರಷ್ಟೇ ಗೊತ್ತಿರುವ ಹುಡುಗನಿಗೆ ಆ ಹೆಸರೇ ಕಾಣಬೇಕಲ್ಲ.

ಮೂರನೆಯದು ಜಿಡಿಬಿ. ನನಗೆ ಕಾಳಜಿ ಹೆಚ್ಚಿರುವುದು ಇದರ ಬಗ್ಗೆಯೇ. ಮೂರರಲ್ಲಿ ಎರಡು, ಲೋಕಲ್‌ನ ಎರಡು ಬಾಗಿಲಿನಿಂದ ಕಂಡ ಒಂದೇ ಪುಟ. ಮೂರನೆಯದು ಉಬುಂಟು ತನ್ನ ಪ್ಯಾಕೇಜ್ ಜೊತೆ ಕೊಟ್ಟ ಜಿಡಿಬಿಯ ಪುಟ. ಅದು ಬೇರೆ ಆವೃತ್ತಿ, ಬೇರೆ ಫೈಲ್, ಒಳಗಿನ ವಿಷಯವೂ ಬೇರೆ ಇರಬಹುದು. ಹಾಗಾಗಿ ಸರಿಪಡಿಸಿದ ಮೇಲೆ ಜಿಡಿಬಿ ಮೂರರಿಂದ ಎರಡಕ್ಕೆ ಇಳಿಯಬೇಕು. ಒಂದಕ್ಕೆ ಇಳಿದರೆ ನೀವು ಏನನ್ನೋ ಕಳೆದುಕೊಂಡಿದ್ದೀರಿ ಎಂದೇ ಅರ್ಥ. ಮ್ಯಾನ್ ಕಮಾಂಡ್‌ಗೆ ಚಿಕ್ಕಕ್ಷರದ ಎ ಮತ್ತು ಡಬ್ಲ್ಯೂ ಆಯ್ಕೆಗಳನ್ನು ಒಟ್ಟಿಗೆ ಕೊಟ್ಟು ಜಿಡಿಬಿ ಎಂದು ಕೇಳಿ, ಎಲ್ಲ ಪುಟಗಳ ವಿಳಾಸವನ್ನು ಅದು ಹೇಳುತ್ತದೆ.

ಹಾಗೆಯೇ, ಒಂದೇ ಹೆಸರು ಬೇರೆ ಬೇರೆ ವಿಭಾಗದಲ್ಲಿ ಇರುವುದು ನಕಲಲ್ಲ. 1ನೇ ವಿಭಾಗದ ಪಾಸ್‌ವರ್ಡ್ ಪುಟ ಕಮಾಂಡ್‌ನದು, 5ನೆಯದು ಫೈಲಿನ ರಚನೆಯದು. ಜರ್ಮನ್, ಫ್ರೆಂಚ್, ಜಪಾನಿ ಡೈರೆಕ್ಟರಿಗಳಲ್ಲಿ ಇರುವವೂ ನಕಲಲ್ಲ, ಅನುವಾದಗಳು; ಬೇಡವೆನಿಸಿದರೆ ಅವನ್ನು ಪ್ರತ್ಯೇಕವಾಗಿ ಹೊರಗಿಡಿ.

ಈಗ ದಾರಿಗಳು.

ಬಹಳ ಜನ ಮೊದಲು ಯೋಚಿಸುವುದು ಫೈಂಡ್‌ನಿಂದ ಆ ದೊಡ್ಡಕ್ಷರದ ಎಲ್ ತೆಗೆದುಬಿಡುವುದು: ಲಿಂಕ್ ಹಿಂಬಾಲಿಸಬೇಡ, ನಿಜವಾದ ಫೈಲ್ ಮಾತ್ರ ಕೊಡು ಎನ್ನುವುದು. ನಿಮ್ಮ ಲ್ಯಾಬ್‌ನಲ್ಲಿ ಇವತ್ತು ಇದು ಕೆಲಸ ಮಾಡಿದಂತೆಯೇ ಕಾಣುತ್ತದೆ. /ಯುಎಸ್‌ಆರ್/ಲೋಕಲ್/ಮ್ಯಾನ್ ಲಿಂಕ್ ಆದ್ದರಿಂದ ಫೈಂಡ್ ಅದರ ಹೊಸ್ತಿಲು ದಾಟುವುದಿಲ್ಲ, ಎರಡು ಒಂದಾಗುತ್ತದೆ. ಆಕ್, ನಾಕ್ ಹೋಗಿ ಮಾಕ್ ಉಳಿಯುತ್ತದೆ. ಆದರೆ ಇದರಲ್ಲಿ ಒಂದು ಅಪಾಯವಿದೆ. ನಾನು ಅದಕ್ಕೆ ಸಿಕ್ಕಿಬಿದ್ದವನು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ಸಂಸ್ಥೆಯಲ್ಲಿ ಹತ್ತಾರು ಸಾಫ್ಟ್‌ವೇರ್‌ಗಳನ್ನು ಗ್ನೂ ಸ್ಟೋ ಮೂಲಕ ಹಾಕಿದ್ದೆವು. ಸ್ಟೋದ ಕ್ರಮವೇನೆಂದರೆ, ಪ್ರತಿ ಸಾಫ್ಟ್‌ವೇರ್‌ಗೂ /ಯುಎಸ್‌ಆರ್/ಲೋಕಲ್/ಸ್ಟೋ ಒಳಗೆ ಒಂದು ಮನೆ, ಹೊರಗೆ ಬಿನ್‌ನಲ್ಲೂ ಮ್ಯಾನ್‌ನಲ್ಲೂ ಇರುವುದೆಲ್ಲ ಆ ಮನೆಗೆ ಲಿಂಕ್. ತೆಗೆದುಹಾಕುವುದು, ಆವೃತ್ತಿ ಬದಲಿಸುವುದು ಇದರಿಂದ ತುಂಬ ಸುಲಭ. ಕೆಲವೊಮ್ಮೆ ಸ್ಟೋ ಪುಟಗಳನ್ನು ಒಂದೊಂದಾಗಿ ಲಿಂಕ್ ಮಾಡದೆ ಇಡೀ ವಿಭಾಗದ ಡೈರೆಕ್ಟರಿಯನ್ನೇ ಒಂದು ಲಿಂಕ್ ಮಾಡಿಬಿಡುತ್ತದೆ. ಅಂಥ ಕಡೆ ನಾನು 'ನಿಜವಾದ ಫೈಲ್ ಮಾತ್ರ' ಎಂದು ಸ್ಕ್ರಿಪ್ಟ್ ತಿದ್ದಿದೆ. ನಕಲುಗಳು ಹೋದವು, ಸಂತೋಷಪಟ್ಟೆ. ಸ್ಟೋ ಮೂಲಕ ಹಾಕಿದ್ದ ಎಲ್ಲ ಸಾಫ್ಟ್‌ವೇರ್‌ಗಳ ಪುಟಗಳೂ ಹುಡುಕಾಟದಿಂದ ಮಾಯವಾಗಿವೆ ಎಂದು ತಿಳಿದದ್ದು ಆಮೇಲೆ, ಯಾರೋ 'ಇದಕ್ಕೆ ಮ್ಯಾನ್ ಪುಟವೇ ಇಲ್ಲವೇ?' ಎಂದು ಕೇಳಿದಾಗ. ಎರಡು ಸಲ ಬಂದರೆ ಜನ ದೂರುತ್ತಾರೆ. ಬಾರದೇ ಹೋದದ್ದನ್ನು ಯಾರೂ ಗಮನಿಸುವುದಿಲ್ಲ. ಲಿನಕ್ಸ್‌ನಲ್ಲಿ ಹೋಮ್‌ಬ್ರೂ ಎಂಬ ಪ್ಯಾಕೇಜ್ ವ್ಯವಸ್ಥೆ ಬಳಸುವವರಿಗೂ ಇದೇ ಆಗುತ್ತದೆ, ಅಲ್ಲಿಯ ಪುಟಗಳೂ ಲಿಂಕ್‌ಗಳೇ.

ಇನ್ನೊಂದು ಸಲಹೆ ಕೇಳಿಬರುತ್ತದೆ: ಫೈಲುಗಳ ಚೆಕ್‌ಸಮ್ (ಒಳಗಿನ ವಿಷಯದಿಂದ ಲೆಕ್ಕ ಹಾಕಿದ ಗುರುತು) ತೆಗೆದು ಒಂದೇ ಆಗಿರುವವನ್ನು ಸೇರಿಸಿಬಿಡಿ ಎಂದು. ನಾನು ಒಪ್ಪುವುದಿಲ್ಲ. ಪುಟಗಳನ್ನು ಕುಗ್ಗಿಸಿಡುವ ಜಿಝಿಪ್ ತನ್ನ ತಲೆಭಾಗದಲ್ಲಿ ಮೂಲ ಫೈಲಿನ ಹೆಸರು, ಸಮಯಗಳನ್ನು ಬರೆದಿಡಬಲ್ಲದು. ಆದ್ದರಿಂದ ಒಂದೇ ಪಠ್ಯದ ಎರಡು ಪುಟಗಳ ಚೆಕ್‌ಸಮ್ ಬೇರೆ ಬರಬಹುದು. ಅತ್ತ ಎರಡು ಕಡೆ ನಿಜವಾಗಿಯೂ ಎರಡು ಪ್ರತಿ ಕೂತಿದ್ದರೆ, ಅದು ನಿಮಗೆ ಗೊತ್ತಾಗಬೇಕಾದ ಸಂಗತಿ. ಚೆಕ್‌ಸಮ್ ಅದನ್ನು ಮುಚ್ಚಿಹಾಕುತ್ತದೆ.

ಮ್ಯಾನ್‌ಪಾತ್ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಬೇಕಾದ ಎರಡೇ ಡೈರೆಕ್ಟರಿ ಬರೆದುಬಿಡುವುದು ಮತ್ತೊಂದು ದಾರಿ. ಹಾಗೆ ಮಾಡಿದರೆ ಮ್ಯಾನ್ ತನ್ನ ಕಾನ್ಫಿಗ್ ಫೈಲನ್ನು ಪಕ್ಕಕ್ಕಿಡುತ್ತದೆ, ಮ್ಯಾನ್‌ಪಾತ್ ಓಡಿಸಿದಾಗ ಎಚ್ಚರಿಕೆಯನ್ನೂ ಕೊಡುತ್ತದೆ. ಮಾಮೂಲಾಗಿ ಮ್ಯಾನ್-ಡಿಬಿ ನಿಮ್ಮ ಪಾತ್‌ನಲ್ಲಿರುವ (ಕಮಾಂಡ್‌ಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿಯಲ್ಲಿರುವ) ಪ್ರತಿ ಬಿನ್ ಡೈರೆಕ್ಟರಿಯ ಆಸುಪಾಸಿನಲ್ಲಿ ಮ್ಯಾನ್ ಡೈರೆಕ್ಟರಿ ಇದೆಯೇ ಎಂದು ತಾನೇ ನೋಡಿಕೊಳ್ಳುತ್ತದೆ. ವೇರಿಯಬಲ್ ಕಟ್ಟಿಹಾಕಿದರೆ ಆ ಅನುಕೂಲ ಹೋಗುತ್ತದೆ: ಮುಂದಿನ ಸೆಮಿಸ್ಟರ್‌ನಲ್ಲಿ /ಆಪ್ಟ್ ಒಳಗೆ ಏನಾದರೂ ಹಾಕಿದರೆ ಅದರ ಪುಟ ಸಿಗುವುದಿಲ್ಲ. ಬಳಸಲೇಬೇಕಾದರೆ ಕೊನೆಯಲ್ಲಿ ಒಂದು ಕೋಲನ್ ಚಿಹ್ನೆ ಇಡಿ, ಆಗ ನಿಮ್ಮ ಪಟ್ಟಿಯ ಹಿಂದೆ ಮಾಮೂಲಿ ಪಟ್ಟಿಯೂ ಸೇರಿಕೊಳ್ಳುತ್ತದೆ. ಆದರೆ ಸೇರಿದರೆ ನಕಲೂ ವಾಪಸ್, ನೀವು ಹೊರಟ ಜಾಗಕ್ಕೇ ಬಂದು ನಿಂತಂತೆ. /ಇಟಿಸಿ ಒಳಗಿನ ಕಾನ್ಫಿಗ್ ಫೈಲನ್ನು ತಿದ್ದಬಹುದು, ಆದರೆ ಮುಂದೆ ಪ್ಯಾಕೇಜ್ ಅಪ್‌ಗ್ರೇಡ್‌ನಲ್ಲಿ ಆ ಫೈಲೇ ಬದಲಾಗಿ ಬಂದಾಗ 'ನಿಮ್ಮದನ್ನು ಉಳಿಸಲೇ, ಹೊಸದನ್ನು ಹಾಕಲೇ' ಎಂಬ ಪ್ರಶ್ನೆ 30 ಕಂಪ್ಯೂಟರ್‌ಗಳಲ್ಲೂ ಎದ್ದು ನಿಲ್ಲುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಸ್ಕ್ರಿಪ್ಟ್‌ನಲ್ಲೇ ಎರಡು ತಿದ್ದುಪಡಿ ಮಾಡುತ್ತೇನೆ.

ಮೊದಲು, ಮ್ಯಾನ್‌ಪಾತ್ ಕೊಟ್ಟ ಪ್ರತಿ ಡೈರೆಕ್ಟರಿಯನ್ನೂ ರಿಯಲ್‌ಪಾತ್ ಕಮಾಂಡ್ ಮೂಲಕ ಹಾಯಿಸಿ. ಲಿಂಕ್ ಬಿಡಿಸಿ ನಿಜವಾದ ವಿಳಾಸ ಕೊಡುವುದೇ ಅದರ ಕೆಲಸ. ಆಗ ಮೊದಲಿನ ಎರಡು ಸಾಲು ಒಂದೇ ಆಗುತ್ತವೆ, ಒಂದನ್ನು ತೆಗೆದುಹಾಕಿ. ಆದರೆ ಸಾರ್ಟ್ ಕಮಾಂಡ್‌ನ ಯು ಆಯ್ಕೆಯಿಂದ ತೆಗೆಯಬೇಡಿ, ಅದು ಅಕ್ಷರಾನುಕ್ರಮಕ್ಕೆ ಜೋಡಿಸಿಬಿಡುತ್ತದೆ. ಈ ಪಟ್ಟಿಯ ಕ್ರಮಕ್ಕೆ ಅರ್ಥವಿದೆ: ಮೊದಲಿರುವುದಕ್ಕೆ ಮೊದಲ ಮನ್ನಣೆ. ಲೋಕಲ್ ಮುಂದಿರುವುದರಿಂದಲೇ ಮ್ಯಾನ್ ಜಿಡಿಬಿ ಎಂದಾಗ ನೀವು ಕಂಪೈಲ್ ಮಾಡಿದ ಆವೃತ್ತಿಯ ಪುಟ ತೆರೆಯುವುದು. ಆಕ್‌ನಲ್ಲಿ, ಸಾಲನ್ನು ಮೊದಲ ಸಲ ಕಂಡಾಗ ಮಾತ್ರ ಮುದ್ರಿಸುವ ಒಂದು ಸಾಲಿನ ಅರೇ ತಂತ್ರ ನಿಮಗೆ ಗೊತ್ತಿರುತ್ತದೆ. ಅದು ಕ್ರಮವನ್ನು ಕೆಡಿಸುವುದಿಲ್ಲ.

ಎರಡನೆಯದಾಗಿ, ಫೈಂಡ್‌ನ ದೊಡ್ಡಕ್ಷರದ ಎಲ್ ಹಾಗೇ ಇರಲಿ, ಸ್ಟೋದಂಥವು ತಪ್ಪಿಹೋಗಬಾರದು. ಬದಲಿಗೆ ಪ್ರಿಂಟ್‌ಎಫ್ ಆಯ್ಕೆಯಿಂದ ಪ್ರತಿ ಫೈಲಿನ ಜೊತೆ ಅದರ ಡಿವೈಸ್ ಸಂಖ್ಯೆ, ಐನೋಡ್ ಸಂಖ್ಯೆ ಎರಡನ್ನೂ ಮುದ್ರಿಸಿಕೊಳ್ಳಿ. ಎಲ್ ಆಯ್ಕೆ ಇದ್ದಾಗ ಬರುವುದು ಲಿಂಕ್‌ನ ಐನೋಡ್ ಅಲ್ಲ, ಅದು ತೋರಿಸುವ ನಿಜವಾದ ಫೈಲಿನ ಐನೋಡ್. ಆ ಜೋಡಿ ಒಂದೇ ಆದರೆ ಪುಟ ಒಂದೇ, ಅನುಮಾನವಿಲ್ಲ. ಐನೋಡ್ ಒಂದನ್ನೇ ನೆಚ್ಚಬೇಡಿ; /ಹೋಮ್ ಬೇರೆ ಪಾರ್ಟಿಷನ್ ಆಗಿದ್ದರೆ ಎರಡು ಬೇರೆ ಫೈಲುಗಳಿಗೆ ಒಂದೇ ಐನೋಡ್ ಸಂಖ್ಯೆ ಬರಬಹುದು. ಲಿಂಕ್ ತನ್ನ ಮೇಲಿನ ಡೈರೆಕ್ಟರಿಗೇ ತಿರುಗಿ ಬಂದು ಸುಳಿಯಾದರೆ ಎಂಬ ಭಯವೂ ಬೇಡ, ಫೈಂಡ್ ಅದನ್ನು ಗುರುತಿಸಿ ಎಚ್ಚರಿಸಿ ಮುಂದೆ ಹೋಗುತ್ತದೆ.

ಒಂದೇ ಜೋಡಿಯ ಹೆಸರುಗಳಲ್ಲಿ ಮೊದಲನೆಯದನ್ನು ಉಳಿಸಿ ಮಿಕ್ಕವನ್ನು ಎಸೆಯುವುದು ಸುಲಭ. ಆದರೆ ಫೈಂಡ್ ಯಾವ ಕ್ರಮದಲ್ಲಿ ಕೊಡುತ್ತದೆ ಎಂಬುದಕ್ಕೆ ಭರವಸೆಯಿಲ್ಲ. ಒಂದು ಕಂಪ್ಯೂಟರ್‌ನಲ್ಲಿ ನಾಕ್ ಉಳಿದರೆ ಇನ್ನೊಂದರಲ್ಲಿ ಮಾಕ್ ಉಳಿಯಬಹುದು. ಪಕ್ಕಪಕ್ಕ ಕೂತ ಇಬ್ಬರು ವಿದ್ಯಾರ್ಥಿಗಳಿಗೆ ಬೇರೆ ಬೇರೆ ಉತ್ತರ ಬಂದರೆ ಮತ್ತೆ ನಿಮ್ಮ ಹತ್ತಿರವೇ ಬರುತ್ತಾರೆ. ಸ್ವಲ್ಪ ಶ್ರಮವಾದರೂ ಹೆಸರುಗಳನ್ನು ಒಟ್ಟುಗೂಡಿಸಿ 'ಆಕ್, ಮಾಕ್, ನಾಕ್' ಎಂದು ಒಂದೇ ಸಾಲಿನಲ್ಲಿ ತೋರಿಸಿ. ಓಪನ್‌ಬಿಎಸ್‌ಡಿ ಮತ್ತು ಆಲ್ಪೈನ್ ಲಿನಕ್ಸ್ ಬಳಸುವ ಮ್ಯಾನ್‌ಡಾಕ್ ಎಂಬ ಬೇರೊಂದು ಮ್ಯಾನ್ ವ್ಯವಸ್ಥೆಯ ಅಪ್ರೊಪೊ ಮಾಡುವುದೂ ಇದನ್ನೇ, ಒಂದು ಪುಟದ ಎಲ್ಲ ಹೆಸರುಗಳನ್ನು ಅಲ್ಪವಿರಾಮ ಹಾಕಿ ಒಂದೇ ಉತ್ತರವಾಗಿ ಕೊಡುತ್ತದೆ. ನನಗೆ ತುಂಬ ಇಷ್ಟವಾದ ಕ್ರಮ ಅದು. ಈ ಮೂರೂ ಒಂದೇ ಪುಟ ಎಂಬುದೂ ವಿದ್ಯಾರ್ಥಿಗೆ ಕಲಿಕೆಯೇ.

ಸ್ಕ್ರಿಪ್ಟ್ ಬೇಡವೇ ಬೇಡ ಎನಿಸಿದರೆ ಮ್ಯಾನ್ ಕಮಾಂಡ್‌ನ ದೊಡ್ಡಕ್ಷರದ ಕೆ ಆಯ್ಕೆ ಎಲ್ಲ ಪುಟಗಳ ಒಳಗೂ ಪದ ಹುಡುಕುತ್ತದೆ. ಚಿಕ್ಕಕ್ಷರದ ಡಬ್ಲ್ಯೂ ಜೊತೆಗಿಟ್ಟರೆ ಪುಟಗಳನ್ನು ಒಂದೊಂದಾಗಿ ತೆರೆಯುವ ಬದಲು ವಿಳಾಸಗಳ ಪಟ್ಟಿ ಕೊಡುತ್ತದೆ. ಈಚಿನ ಆವೃತ್ತಿಗಳು ಲಿಂಕ್‌ನಿಂದಾಗುವ ನಕಲುಗಳನ್ನು ತಾವೇ ತೆಗೆಯುತ್ತವೆ. ನಿಧಾನ, ಅಷ್ಟೇ, ಎಸ್ ಆಯ್ಕೆಯಿಂದ ಒಂದೆರಡು ವಿಭಾಗಕ್ಕೆ ಸೀಮಿತಗೊಳಿಸಿದರೆ ಸಹಿಸಬಹುದು.

ತಿದ್ದಿದ ಮೇಲೆ ಒಂದು ಕಂಪ್ಯೂಟರ್‌ನಲ್ಲಿ ಪರೀಕ್ಷಿಸಿ, ಆಮೇಲೆ ಮಿಕ್ಕ 29ಕ್ಕೆ ಹಂಚಿ. ನಿಮ್ಮ ಸಾಫ್ಟ್‌ವೇರ್‌ಗಳು ಒಂದೊಂದು ಸಲ ಬರಬೇಕು. ಆಕ್, ಮಾಕ್, ನಾಕ್ ಒಂದು ಸಾಲಿನಲ್ಲಿರಬೇಕು. ಜಿಡಿಬಿ ಎರಡು ಸಲ, ಎರಡು ಬೇರೆ ವಿಳಾಸದೊಂದಿಗೆ ಬರಬೇಕು. ಜೊತೆಗೆ ಒಂದು ಪುಟ್ಟ ಮ್ಯಾನ್ ಪುಟ ಬರೆದು ನಿಮ್ಮ ಹೋಮ್‌ನಲ್ಲಿಟ್ಟು, ಅದಕ್ಕೊಂದು ಲಿಂಕನ್ನು ಮಾತ್ರ ಲೋಕಲ್‌ನ ಮ್ಯಾನ್‌ನಲ್ಲಿ ಹಾಕಿ ಹುಡುಕಿ ನೋಡಿ. ಅದು ಒಂದು ಸಲ ಬರಲೇಬೇಕು. ಇಂಡೆಕ್ಸ್ ಮತ್ತೆ ಕಟ್ಟಿಸುವ ಅಗತ್ಯವಿಲ್ಲ.